ಕುಡಿದು ವಾಹನ ಚಾಲನೆಯ ತಪಾಸಣೆ: ಬೆಳೆಗಾರರು ತಿಳಿದಿರಬೇಕಾದ ಹಕ್ಕುಗಳು



ಅಡಿಕೆ ಮಾರಿ ಸುಳ್ಯದಿಂದಲೋ ಸುಬ್ರಹ್ಮಣ್ಯದಿಂದಲೋ ಕೊಲ್ಲಮೊಗ್ರಿಗೆ ಮರಳುವಾಗ, ನೇಮ ಅಥವಾ ಮದುವೆ ಮುಗಿಸಿ ಬರುವಾಗ, ಪೊಲೀಸರು ಕೈ ಅಡ್ಡ ಹಿಡಿದರೆ ನಮ್ಮಲ್ಲಿ ಹೆಚ್ಚಿನವರು ಒಂದೋ ಬಾಯಿ ಜೋರು ಮಾಡುತ್ತೇವೆ, ಇಲ್ಲವೇ ಹೆದರಿ ಜೇಬಿಗೆ ಕೈ ಹಾಕುತ್ತೇವೆ. ಎರಡೂ ತಪ್ಪು.

1988ರ ಮೋಟಾರು ವಾಹನ ಕಾಯಿದೆಯ 185ನೇ ಕಲಮಿನಂತೆ 100 ಮಿ.ಲೀ. ರಕ್ತದಲ್ಲಿ 30 ಮಿ.ಗ್ರಾಂ. ಮೀರಿ ಮದ್ಯಾಂಶವಿದ್ದರೆ ಅಪರಾಧ. ಮೊದಲ ಸಲಕ್ಕೆ 6 ತಿಂಗಳವರೆಗೆ ಸಜೆ ಅಥವಾ 10,000 ರೂ. ದಂಡ ಅಥವಾ ಎರಡೂ. ಬೈಕು, ಜೀಪು, ಪಿಕಪ್, ಟ್ರ್ಯಾಕ್ಟರ್ ಎಲ್ಲಕ್ಕೂ ಇದೇ ಕಾನೂನು. ಕುಡಿದವನೆಂದು ತಿಳಿದೂ ಚಾಲಕನಿಗೆ ಗಾಡಿ ಓಡಿಸಲು ಪ್ರಚೋದನೆ ಕೊಟ್ಟ ಯಜಮಾನನಿಗೂ ಶಿಕ್ಷೆಯುಂಟು.

ಉಸಿರಿನ ಪರೀಕ್ಷೆ ಕೇಳುವ ಅಧಿಕಾರ ಸಮವಸ್ತ್ರದಲ್ಲಿರುವ ಪೊಲೀಸ್ ಅಧಿಕಾರಿಗಿದೆ. ಸಕಾರಣವಿಲ್ಲದೆ ನಿರಾಕರಿಸಬೇಡಿ; ನಿರಾಕರಣೆಯೇ ನ್ಯಾಯಾಲಯದಲ್ಲಿ ನಮಗೆ ವಿರುದ್ಧವಾಗಬಹುದು. ಆದರೆ ಊದುವ ಕೊಳವೆ ಹೊಸದಿರಲಿ ಎಂದು ಕೇಳಬಹುದು. ಆಗಷ್ಟೇ ದ್ರಾಕ್ಷಾರಿಷ್ಟದಂತಹ ಔಷಧಿ ಕುಡಿದಿದ್ದರೆ ಮೊದಲೇ ಹೇಳಿ, ಬಾಯಿ ಮುಕ್ಕಳಿಸಿ, 15 ನಿಮಿಷ ಬಿಟ್ಟು ಪರೀಕ್ಷಿಸುವಂತೆ ವಿನಂತಿಸಿ. ಬಾಯಲ್ಲಿ ಉಳಿದ ಅಂಶದಿಂದ ಯಂತ್ರ ತಪ್ಪು ಅಂಕಿ ತೋರಿಸುವುದುಂಟು. ಅಂಕಿಯನ್ನೂ ಸಮಯವನ್ನೂ ಗುರುತು ಹಾಕಿಕೊಳ್ಳಿ. ಓದದೆ ಸಹಿ ಹಾಕಬೇಡಿ.

ಬಂಧಿಸಿದರೆ 2 ಗಂಟೆಯೊಳಗೆ ನೋಂದಾಯಿತ ವೈದ್ಯರಿಂದ ಪರೀಕ್ಷೆ ಆಗತಕ್ಕದ್ದು. ಆಗದಿದ್ದರೆ ಬಿಡುಗಡೆ ಮಾಡಬೇಕೆಂದು 202ನೇ ಕಲಮು ಹೇಳುತ್ತದೆ. ಹೆಂಗಸರ ರಕ್ತವನ್ನು ಪುರುಷ ವೈದ್ಯರು ತೆಗೆಯುವುದಾದರೆ ಇನ್ನೊಬ್ಬ ಹೆಂಗಸು ಹಾಜರಿರಬೇಕು. ಬಂಧನದ ಕಾರಣ ತಿಳಿಯುವ, ಮನೆಯವರಿಗೆ ತಿಳಿಸುವ, ವಕೀಲರನ್ನು ಕಾಣುವ ಹಕ್ಕು ಎಲ್ಲರಿಗೂ ಇದೆ. ಇದು ಜಾಮೀನು ಸಿಗುವ ಅಪರಾಧ. ಆದರೆ ಅಪಘಾತದಲ್ಲಿ ಸಾವು ಸಂಭವಿಸಿದರೆ ಬೇರೆ ಕಲಮುಗಳು ಸೇರಿ ಪ್ರಕರಣ ಗಂಭೀರವಾಗಬಹುದು. ಬಾಯಿ ವಾಸನೆ, ತೂರಾಟ ಇಷ್ಟರಿಂದಲೇ ಕುಡಿದಿದ್ದನೆಂದು ಖಚಿತವಾಗಿ ಹೇಳಲಾಗದೆಂದು 1971ರಲ್ಲೇ ಸುಪ್ರೀಂ ಕೋರ್ಟು ಒಂದು ಪ್ರಕರಣದಲ್ಲಿ ಅಭಿಪ್ರಾಯಪಟ್ಟಿದೆ.

ಈ ಅಪರಾಧದ ದಂಡವನ್ನು ರಸ್ತೆ ಬದಿಯಲ್ಲಿ ಕಟ್ಟಿ ಮುಗಿಸಲು ಕಾನೂನಿನಲ್ಲಿ ಅವಕಾಶವಿಲ್ಲ, ತೀರ್ಮಾನ ನ್ಯಾಯಾಲಯದಲ್ಲೇ. ಆದ್ದರಿಂದ ಯಾರಿಗೂ ನಗದು ಕೊಡಬೇಡಿ. ಲೈಸೆನ್ಸು ತೆಗೆದುಕೊಂಡರೆ ರಸೀದಿ ಕೇಳಿ ಪಡೆಯಿರಿ. ವಕೀಲರಿಗೆ ಕೊಡಲು ಹಣವಿಲ್ಲದವರು ಉಚಿತ ಕಾನೂನು ನೆರವಿಗೆ 15100 ಸಂಖ್ಯೆಗೆ ಕರೆ ಮಾಡಬಹುದು.

ಕೊನೆಗೊಂದು ಮಾತು. ಪರೀಕ್ಷೆ ನಡೆಯದಿದ್ದರೆ ಪಾರಾದೆವೆಂದು ತಿಳಿಯಬಾರದು. ಪರೀಕ್ಷೆಯ ವರದಿ ಇಲ್ಲದಿದ್ದರೂ ಬೇರೆ ಸಾಕ್ಷ್ಯದಿಂದ ಚಾಲಕ ಕುಡಿದಿದ್ದನೆಂದು ವಿಮಾ ಕಂಪೆನಿ ಸಾಧಿಸಬಹುದೆಂದು ಸುಪ್ರೀಂ ಕೋರ್ಟು 2021ರಲ್ಲಿ ತೀರ್ಪಿತ್ತಿದೆ. ಸಾಲ ಮಾಡಿ ಕೊಂಡ ಪಿಕಪ್ ಜಖಂಗೊಂಡು ವಿಮೆಯೂ ಕೈತಪ್ಪಿದರೆ ಕಂತು ಕಟ್ಟುವುದು ತೋಟದ ಫಸಲೇ. ಹಕ್ಕು ತಿಳಿದಿರಲಿ, ಕುಡಿದ ದಿನ ಕೀಲಿಕೈ ಮಾತ್ರ ಬೇರೆಯವರ ಕೈಯಲ್ಲಿರಲಿ.