ಸರ್ಕಾರ ಇರುವುದು ಏತಕ್ಕೆ? ಬೀದರ್ ನೆಲದ ಉತ್ತರ

ಬೀದರ್: ನಗರದ ಹಳೆಯ ಊರಿನಲ್ಲಿರುವ ಮದರಸಾವನ್ನು 1472ರಲ್ಲಿ ಕಟ್ಟಿಸಿದವನು ಬಹಮನಿ ರಾಜ್ಯದ ಪ್ರಧಾನಿ ಮಹಮೂದ್ ಗವಾನ್. ಒಂಬತ್ತು ವರ್ಷಗಳ ನಂತರ, ವಿರೋಧಿಗಳು ಸೃಷ್ಟಿಸಿದ ನಕಲಿ ಪತ್ರವೊಂದನ್ನು ನಂಬಿದ ಸುಲ್ತಾನ ಮೂರನೇ ಮಹಮ್ಮದ್ ಷಾ ಆತನಿಗೆ ಮರಣದಂಡನೆ ವಿಧಿಸಿದ. ಅರಸನ ಆಜ್ಞೆಯನ್ನು ತಡೆಯಬಲ್ಲ ಸಂಸ್ಥೆ ಯಾವುದೂ ಇರಲಿಲ್ಲ. ಪ್ರಧಾನಿಯ ಸ್ಥಿತಿಯೇ ಹೀಗಿದ್ದ ಮೇಲೆ ರೈತನ ಪಾಡು ಹೇಳಬೇಕಾಗಿಲ್ಲ.

ಇಂತಹ ಅಧಿಕಾರಕ್ಕೆ ಮೂಗುದಾರ ತೊಡಿಸುವುದು ಹೇಗೆ ಎಂಬ ಪ್ರಶ್ನೆಯನ್ನು ಯುರೋಪಿನ ಜ್ಞಾನೋದಯ ಯುಗದ ಚಿಂತಕರು 17 ಮತ್ತು 18ನೇ ಶತಮಾನಗಳಲ್ಲಿ ಕೈಗೆತ್ತಿಕೊಂಡರು. ಜೀವ, ಸ್ವಾತಂತ್ರ್ಯ ಮತ್ತು ಆಸ್ತಿಯ ರಕ್ಷಣೆಗಾಗಿ ಜನರ ಒಪ್ಪಿಗೆಯಿಂದ ರಚನೆಯಾದದ್ದೇ ಸರ್ಕಾರ ಎಂದವನು ಇಂಗ್ಲೆಂಡಿನ ಜಾನ್ ಲಾಕ್. ಕಾನೂನು ಮಾಡುವ, ಜಾರಿಗೊಳಿಸುವ ಹಾಗೂ ತೀರ್ಪು ನೀಡುವ ಅಧಿಕಾರಗಳು ಒಂದೇ ಕೈಯಲ್ಲಿ ಇರಕೂಡದೆಂದು 1748ರಲ್ಲಿ ಫ್ರಾನ್ಸಿನ ಮಾಂಟೆಸ್ಕ್ಯೂ ಬರೆದ. ಪರಮಾಧಿಕಾರ ಜನರದ್ದೇ ಎಂದು 1762ರಲ್ಲಿ ರೂಸೋ ಸಾರಿದ.

ಬೀದರ್‌ಗೆ ಈ ವಿಚಾರಗಳು ತಲುಪಿದ್ದು ತಡವಾಗಿ. 1948ರ ಸೆಪ್ಟೆಂಬರ್‌ವರೆಗೆ ಇಲ್ಲಿ ನಿಜಾಮನ ಮಾತೇ ಅಂತಿಮವಾಗಿತ್ತು. ಆಡಳಿತದ ಭಾಷೆ ಉರ್ದು. ಅಂದು ಔರಾದ್ ತಾಲ್ಲೂಕಿಗೆ ಸೇರಿದ್ದ ಕಮಲನಗರದಲ್ಲಿ ಜನಿಸಿದ ಭಾಲ್ಕಿ ಹಿರೇಮಠದ ಚನ್ನಬಸವ ಪಟ್ಟದ್ದೇವರು ಶಾಲೆಯ ಹೊರಗೆ ಉರ್ದು ಫಲಕ ತೂಗುಹಾಕಿ ಒಳಗೆ ಕನ್ನಡ ಕಲಿಸಿದ್ದನ್ನು ಗಡಿನಾಡಿನ ಜನ ಇಂದಿಗೂ ನೆನೆಯುತ್ತಾರೆ. ತಾಯ್ನುಡಿಯನ್ನು ಮರೆಯಲ್ಲಿ ಕಲಿಸಬೇಕಾದ ಕಾಲವದು.

1950ರ ಜನವರಿ 26ರಂದು ಜಾರಿಗೆ ಬಂದ ಸಂವಿಧಾನ ಈ ಸಂಬಂಧವನ್ನು ತಲೆಕೆಳಗು ಮಾಡಿತು. ಕಾನೂನಿನ ವಿಧಾನದ ಹೊರತು ಯಾರ ಜೀವವನ್ನೂ ಕಸಿಯುವಂತಿಲ್ಲ ಎನ್ನುವುದು 21ನೇ ವಿಧಿ. ತಮ್ಮ ಭಾಷೆಯನ್ನು ಉಳಿಸಿಕೊಳ್ಳುವ ಹಕ್ಕನ್ನು 29ನೇ ವಿಧಿ ಕೊಟ್ಟಿತು. ಅರಸನ ಅಧೀನನೂ ಪ್ರಜೆ, ಮತದಾರನೂ ಪ್ರಜೆ ಎನ್ನುವ ಕನ್ನಡದಲ್ಲಿ ಈ ಬದಲಾವಣೆ ಸುಲಭವಾಗಿ ಕಣ್ಣಿಗೆ ಬೀಳದು. ಹಾಗೆಂದು ಎಲ್ಲವೂ ಪಶ್ಚಿಮದ ಎರವಲಲ್ಲ. ಸ್ವಾತಂತ್ರ್ಯ, ಸಮಾನತೆ, ಬಂಧುತ್ವಗಳನ್ನು ತಾವು ಪಡೆದದ್ದು ಫ್ರೆಂಚ್ ಕ್ರಾಂತಿಯಿಂದಲ್ಲ, ಬುದ್ಧನಿಂದ ಎಂದು ಡಾ. ಬಿ.ಆರ್. ಅಂಬೇಡ್ಕರ್ 1954ರಲ್ಲಿ ಸ್ಪಷ್ಟಪಡಿಸಿದ್ದರು.

ಎಷ್ಟು ಮಾಡಬೇಕು?

ಸರ್ಕಾರಕ್ಕೆ ಮಿತಿ ಇರಬೇಕೆಂಬುದರಲ್ಲಿ ಇಂದು ಹೆಚ್ಚಿನ ವಿವಾದವಿಲ್ಲ. ಅದು ಎಷ್ಟು ಕೆಲಸ ಮಾಡಬೇಕೆಂಬುದರಲ್ಲಿ ಇದೆ. ಕಾವಲು ಕಾಯ್ದು ಪಕ್ಕಕ್ಕೆ ಸರಿದರೆ ಸಾಕು ಎನ್ನುವವರು ಲಾಕ್ ಮತ್ತು ಆಡಮ್ ಸ್ಮಿತ್ ಹೆಸರು ಹೇಳುವುದುಂಟು. ಆದರೆ ಖಾಸಗಿಯವರಿಗೆ ಲಾಭ ತಾರದ, ಸಮಾಜಕ್ಕೆ ಬೇಕಾದ ಕಾಮಗಾರಿಗಳು ಸರ್ಕಾರದ ಕರ್ತವ್ಯವೆಂದು 1776ರಲ್ಲಿ ಬರೆದವನೂ ಅದೇ ಸ್ಮಿತ್. ರಾಜ್ಯದ ಉತ್ತರ ತುದಿಯ ಔರಾದ್‌ನ ಹಳ್ಳಿಗೆ ರಸ್ತೆ, ಬಸ್ಸು, ಶಾಲೆ ಬೇಕೆಂದಾಗ ಈ ಮಾತಿಗೆ ಅರ್ಥ ಬರುತ್ತದೆ.

2002ರಲ್ಲಿ ಸಲ್ಲಿಕೆಯಾದ ಡಾ. ಡಿ.ಎಂ. ನಂಜುಂಡಪ್ಪ ಸಮಿತಿ ವರದಿ ಗುರುತಿಸಿದ 39 ಅತ್ಯಂತ ಹಿಂದುಳಿದ ತಾಲ್ಲೂಕುಗಳಲ್ಲಿ 21 ಗುಲ್ಬರ್ಗ ವಿಭಾಗದಲ್ಲಿದ್ದವು. ದಶಕದ ನಂತರ ಸಂವಿಧಾನದ 98ನೇ ತಿದ್ದುಪಡಿಯ ಮೂಲಕ 371(ಜೆ) ವಿಧಿ ಬಂತು. ಪ್ರತ್ಯೇಕ ಅಭಿವೃದ್ಧಿ ಮಂಡಳಿ, ಅನುದಾನದ ನ್ಯಾಯಯುತ ಹಂಚಿಕೆ, ಶಿಕ್ಷಣ ಹಾಗೂ ಉದ್ಯೋಗದಲ್ಲಿ ಸ್ಥಳೀಯರಿಗೆ ಮೀಸಲಾತಿಗೆ ಅದು ಅವಕಾಶ ಮಾಡಿಕೊಟ್ಟಿತು. ಈ ಭಾಗದ ಶಿಕ್ಷಣ ಸಂಸ್ಥೆಗಳಲ್ಲಿ ಶೇ 70, ರಾಜ್ಯಮಟ್ಟದ ಸಂಸ್ಥೆಗಳಲ್ಲಿ ಶೇ 8 ಸೀಟುಗಳು ಸ್ಥಳೀಯರಿಗೆ ಮೀಸಲು.

ಸಮಾನ ಅಂಕ ಪಡೆದ ಮೈಸೂರಿನ ವಿದ್ಯಾರ್ಥಿಗೆ ಸಿಗದ ಸೀಟು ಭಾಲ್ಕಿಯ ವಿದ್ಯಾರ್ಥಿಗೆ ಏಕೆ ಎಂಬ ಆಕ್ಷೇಪವನ್ನು ತಳ್ಳಿಹಾಕುವಂತಿಲ್ಲ. ಎಲ್ಲರನ್ನೂ ಒಂದೇ ರೀತಿ ಕಾಣುವುದು ಸಮಾನತೆಯ ಒಂದು ಅರ್ಥ. ಪರಿಸ್ಥಿತಿಗಳು ಸದಾ ಸಮಾನತೆಯನ್ನು ಕೆಡಿಸುವುದರಿಂದಲೇ ಕಾನೂನು ಅದನ್ನು ಉಳಿಸಲು ಯತ್ನಿಸಬೇಕು ಎಂಬ ರೂಸೋನ ವಾದ ಇನ್ನೊಂದು. ಬೀದರ್ ಜಿಲ್ಲೆಯ ಮಟ್ಟಿಗೆ ಎರಡನೆಯದಕ್ಕೇ ತೂಕ ಹೆಚ್ಚು. ಸ್ಪರ್ಧೆ ಆರಂಭವಾಗುವ ಗೆರೆಯೇ ಇಲ್ಲಿ ಹಿಂದಿತ್ತು.

ಆದರೂ ಒಂದು ತೊಡಕಿದೆ. ಅಕ್ರಮವಾಗಿ ಬಂಧಿಸಿದರೆ ಔರಾದ್‌ನ ಕೂಲಿಕಾರನೂ ಹೈಕೋರ್ಟ್ ಮೆಟ್ಟಿಲು ಹತ್ತಬಹುದು. 2008ರಿಂದ ಅದರ ಪೀಠ ಕಲಬುರಗಿಯಲ್ಲೇ ಇದೆ. ಆದಾಯದ ಅಸಮಾನತೆಯನ್ನು ತಗ್ಗಿಸಲು ಸರ್ಕಾರ ಯತ್ನಿಸಬೇಕೆನ್ನುವ 38ನೇ ವಿಧಿ ಮಾತ್ರ ನಿರ್ದೇಶಕ ತತ್ವಗಳಲ್ಲಿದೆ. ಅವು ಆಡಳಿತಕ್ಕೆ ಮೂಲಭೂತವೆಂದು ಹೇಳುವ 37ನೇ ವಿಧಿಯೇ, ಅವುಗಳನ್ನು ಜಾರಿಗೊಳಿಸುವಂತೆ ನ್ಯಾಯಾಲಯದಲ್ಲಿ ಕೇಳುವಂತಿಲ್ಲ ಎಂದೂ ಹೇಳುತ್ತದೆ. ಅದನ್ನು ಕೇಳಲು ಆತನಿಗೆ ಉಳಿಯುವುದು ಮತಗಟ್ಟೆ, ಐದು ವರ್ಷಕ್ಕೊಮ್ಮೆ.