ಯಾವ ಡೆಸ್ಕ್‌ಟಾಪ್ ಬೇಕು ಅಂತ ಕನ್ನಡದಲ್ಲೇ ಕೇಳಲಿ

ವಿಂಡೋಸ್ 10ರ ಉಚಿತ ಬೆಂಬಲವನ್ನು ಮೈಕ್ರೋಸಾಫ್ಟ್ 2025ರ ಅಕ್ಟೋಬರ್ 14ಕ್ಕೆ ನಿಲ್ಲಿಸಿತು. ವಿಂಡೋಸ್ 11 ಹಾಕೋಣವೆಂದರೆ ಕನಿಷ್ಠ 4 ಜಿಬಿ ರ‍್ಯಾಮ್, ಜೊತೆಗೆ ಟಿಪಿಎಂ 2.0 ಎಂಬ ಭದ್ರತಾ ಚಿಪ್ ಬೇಕು. ಹಳೇ ಲ್ಯಾಪ್‌ಟಾಪ್ ಇಟ್ಟುಕೊಂಡವರಿಗೆ ಸುಲಭದ ದಾರಿ ಲಿನಕ್ಸ್. ಹೊಳೆನರಸೀಪುರದ ಒಂದು ಮನೆಯಲ್ಲಿ ಅಂಥದ್ದೊಂದು ಲ್ಯಾಪ್‌ಟಾಪ್ ಇದೆ ಅಂದುಕೊಳ್ಳಿ. ತಾತನಿಗೆ ಪಹಣಿ ನೋಡಬೇಕು, ಆಲೂಗೆಡ್ಡೆ ರೇಟು ನೋಡಬೇಕು. ಹಾಸನದಲ್ಲಿ ಇಂಜಿನಿಯರಿಂಗ್ ಓದುವ ಮೊಮ್ಮಗಳಿಗೆ ಪ್ರೋಗ್ರಾಂ ಬರೆಯಬೇಕು. ಇಬ್ಬರಿಗೂ ಒಂದೇ ಡೆಸ್ಕ್‌ಟಾಪ್ ಯಾಕೆ?

ಲಿನಕ್ಸ್‌ನಲ್ಲಿ ಡೆಸ್ಕ್‌ಟಾಪ್ ಅನ್ನುವುದು ವ್ಯವಸ್ಥೆಯ ಮೈಗಂಟಿಕೊಂಡಿದ್ದಲ್ಲ. ಕೆಳಗೆ ಕರ್ನಲ್, ಅದರ ಮೇಲೆ ಚಿತ್ರ ಬಿಡಿಸುವ ಎಕ್ಸ್, ಅದರ ಮೇಲೆ ಡೆಸ್ಕ್‌ಟಾಪ್. ಎಕ್ಸ್ ಹುಟ್ಟಿದ್ದು 1984ರಲ್ಲಿ, ಅಮೆರಿಕದ ಎಂಐಟಿಯಲ್ಲಿ. ಒಲಿವಿಯೆ ಫೂರ್ದಾನ್ 1996ರಲ್ಲಿ ಶುರು ಮಾಡಿದ ಎಕ್ಸ್‌ಎಫ್‌ಸಿಇ, 2006ರ ಎಲ್‌ಎಕ್ಸ್‌ಡಿಇ, ಗ್ನೋಮ್ ಎಂಬ ಡೆಸ್ಕ್‌ಟಾಪಿನ ಹೊಸ ರೂಪ ಹಿಡಿಸದವರು 2011ರಲ್ಲಿ ಕಟ್ಟಿಕೊಂಡ ಮಾಟೆ, ಈ ಮೂರು ಡೆಸ್ಕ್‌ಟಾಪ್‌ಗಳನ್ನೂ ಒಂದೇ ಯಂತ್ರದಲ್ಲಿ ಹಾಕಿಡಬಹುದು. ಡಿಸ್ಕಿನಲ್ಲಿ ಒಂದಿಷ್ಟು ಜಾಗ ಹೋಗುತ್ತದೆ, ಅಷ್ಟೆ. ರ‍್ಯಾಮ್ ತಿನ್ನುವುದು ಆ ಹೊತ್ತಿಗೆ ಓಡುತ್ತಿರುವುದು ಮಾತ್ರ.

ಆರಿಸಿಕೊಳ್ಳಲು ರೆಡಿಮೇಡ್ ವ್ಯವಸ್ಥೆಯೂ ಇದೆ. ಲೈಟ್‌ಡಿಎಂ ಥರದ ಲಾಗಿನ್ ಪರದೆಯ ಮೂಲೆಯಲ್ಲಿ ಸಣ್ಣ ಗುರುತೊಂದು ಇರುತ್ತದೆ. ಅದನ್ನು ಒತ್ತಿದರೆ ಪಟ್ಟಿ ತೆರೆಯುತ್ತದೆ, ಯಾವ ಖಾತೆಗೆ ಯಾವ ಡೆಸ್ಕ್‌ಟಾಪ್ ಎಂಬುದೂ ಅದಕ್ಕೆ ನೆನಪಿರುತ್ತದೆ. ಹೆಚ್ಚಿನವರಿಗೆ ಇಷ್ಟು ಸಾಕು. ಆದರೆ ನಮ್ಮ ಮನೆಗಳಲ್ಲಿ ಎಲ್ಲರಿಗೂ ಸೇರಿ ಒಂದೇ ಖಾತೆ, ಒಂದೇ ಪಾಸ್‌ವರ್ಡ್, ಅದನ್ನೂ ಚೀಟಿಯಲ್ಲಿ ಬರೆದು ಕೀಬೋರ್ಡ್ ಪಕ್ಕ ಅಂಟಿಸಿರುತ್ತೇವೆ. ಅಂಥಲ್ಲಿ ಹತ್ತಿಪ್ಪತ್ತು ಸಾಲಿನ ಸ್ಕ್ರಿಪ್ಟ್ ಬರೆದುಕೊಳ್ಳುವುದೇ ವಾಸಿ.

ಲಾಗಿನ್ ಪರದೆಯನ್ನು ತೆಗೆದುಹಾಕಿದರೆ ಲಿನಕ್ಸ್ ಕಪ್ಪು ಪರದೆಯಲ್ಲಿ ಹೆಸರು, ಪಾಸ್‌ವರ್ಡ್ ಕೇಳಿ ಸುಮ್ಮನಾಗುತ್ತದೆ. ಅಲ್ಲೇ ಸಣ್ಣದೊಂದು ಮೆನು ತೋರಿಸಬಹುದು: ಒಂದು ಒತ್ತಿದರೆ ಎಕ್ಸ್‌ಎಫ್‌ಸಿಇ, ಎರಡಕ್ಕೆ ಮಾಟೆ. ಸ್ಕ್ರಿಪ್ಟುಗಳನ್ನು ಓಡಿಸುವ ಬ್ಯಾಷ್‌ನಲ್ಲಿ ಇದಕ್ಕೆಂದೇ ‘ಸೆಲೆಕ್ಟ್’ ಎಂಬ ಆಜ್ಞೆಯಿದೆ. ತೊಡಕು ಬರುವುದು ಆ ಮೆನುವನ್ನು ಕನ್ನಡದಲ್ಲಿ ಬರೆಯಹೊರಟಾಗ.

‘ಶ್ರವಣಬೆಳಗೊಳ’ ಎಂಬ ಊರಿನ ಹೆಸರನ್ನೇ ನೋಡಿ. ಕಣ್ಣಿಗೆ ಏಳು ಅಕ್ಷರ. ಯುನಿಕೋಡ್‌ನಲ್ಲಿ ಹನ್ನೊಂದು ಸಂಕೇತ: ‘ಶ್ರ’ ಒಂದಕ್ಕೇ ಶ, ಹಲಂತ ಚಿಹ್ನೆ, ರ ಎಂದು ಮೂರು ಬೇಕು, ‘ಬೆ’ಗೆ ಎರಡು, ‘ಗೊ’ಗೆ ಎರಡು. ಇವನ್ನು ಕೂಡಿಸಿ ಒತ್ತಕ್ಷರ, ಗುಣಿತಾಕ್ಷರಗಳ ಆಕಾರ ಕೊಡಲು ಬೇರೆಯೇ ತಂತ್ರಾಂಶ ಬೇಕು. ಕಪ್ಪು ಪರದೆಗೆ ಆ ವಿದ್ಯೆ ಗೊತ್ತಿಲ್ಲ. ಅದಕ್ಕೆ ಗೊತ್ತಿರುವುದು ಒಂದು ಸಂಕೇತಕ್ಕೆ ಒಂದು ಚೌಕ. ಅದು ಹಿಡಿದಿಡುವ ಅಕ್ಷರರೂಪಗಳೂ ಒಟ್ಟು 512 ಮಾತ್ರ. ಹಾಸನ ಜಿಲ್ಲೆಯ ಹಲ್ಮಿಡಿಯಲ್ಲಿ ಐದನೇ ಶತಮಾನದ ಕಲ್ಕುಟಿಗ ಒತ್ತಕ್ಷರ ಕೆತ್ತಿಟ್ಟುಹೋಗಿದ್ದಾನೆ. ಈ ಕಪ್ಪು ಪರದೆಯಲ್ಲಿ ಇನ್ನೂ ಪೆಟ್ಟಿಗೆ ಗುರುತೇ ಗತಿ.

ಹಾಗಾದರೆ ಮೆನುವನ್ನು ಒಂದು ಮೆಟ್ಟಿಲು ಮೇಲಕ್ಕೆ ಒಯ್ಯೋಣ. ‘ಸ್ಟಾರ್ಟ್‌ಎಕ್ಸ್’ ಅಂದರೆ ಎಕ್ಸ್ ಏಳುತ್ತದೆ. ಎದ್ದ ಕೂಡಲೇ ನಿಮ್ಮ ಹೋಮ್ ಫೋಲ್ಡರಿನಲ್ಲಿರುವ, ಹೆಸರಿನ ಮೊದಲಿಗೆ ಚುಕ್ಕಿಯಿರುವ ‘ಎಕ್ಸ್‌ಇನಿಟ್‌ಆರ್‌ಸಿ’ ಎಂಬ ಕಡತದಲ್ಲಿ ಬರೆದದ್ದು ಒಂದೊಂದೇ ಸಾಲಾಗಿ ನಡೆಯುತ್ತದೆ. ಡೆಸ್ಕ್‌ಟಾಪ್ ಇನ್ನೂ ಬಂದಿಲ್ಲ, ಆದರೆ ಚಿತ್ರ ಬಿಡಿಸುವವನು ಬಂದಾಗಿದೆ. ಈ ಸಂದಿಯಲ್ಲಿ ‘ಜೆನಿಟಿ’ ಎಂಬ ಪುಟ್ಟ ಪ್ರೋಗ್ರಾಂ ಕರೆದು ‘ತಾತನಿಗೆ’, ‘ಪ್ರೋಗ್ರಾಮಿಂಗ್‌ಗೆ’, ‘ಏನೂ ಬೇಡ’ ಎಂದು ಪಟ್ಟಿ ಕೊಟ್ಟರೆ ಅದು ಕನ್ನಡವನ್ನು ಒತ್ತು, ದೀರ್ಘ ಸಮೇತ ಸರಿಯಾಗಿ ತೋರಿಸುತ್ತದೆ. ನವಿಲು, ಗುಬ್ಬಿ ಥರದ ಕನ್ನಡ ಫಾಂಟ್ ಮೊದಲೇ ಹಾಕಿಕೊಂಡಿರಬೇಕು. ಕಿಟಕಿಗೆ ಚೌಕಟ್ಟು ಇರುವುದಿಲ್ಲ. ಮೌಸ್ ಬಾಣ ಅದರ ಮೇಲಿದ್ದರೆ ಮಾತ್ರ ಕೀಬೋರ್ಡ್ ಕೆಲಸ ಮಾಡುತ್ತದೆ, ಏಕೆಂದರೆ ಕಿಟಕಿಗಳನ್ನು ಸಂಭಾಳಿಸುವ ಯಜಮಾನ ಇನ್ನೂ ಮನೆಗೆ ಬಂದಿಲ್ಲ.

ಆರಿಸಿದ ಸಾಲು ಸ್ಕ್ರಿಪ್ಟಿನ ಕೈಗೆ ಬಂದ ಮೇಲೆ ‘ಕೇಸ್’ ಎಂಬ ಕವಲುದಾರಿ. ‘ತಾತನಿಗೆ’ ಎಂದಿದ್ದರೆ ಮೊದಲು ಭಾಷೆಯನ್ನು ಕನ್ನಡಕ್ಕೆ ಬದಲಿಸಿ, ಕೀಬೋರ್ಡಿಗೆ ಕಗಪ ವಿನ್ಯಾಸ ಹಾಕಿ, ಆಮೇಲೆ ಎಕ್ಸ್‌ಎಫ್‌ಸಿಇ ಎಬ್ಬಿಸುವುದು. ಮೊಮ್ಮಗಳದ್ದಾದರೆ ಇಂಗ್ಲಿಷು, ಮಾಟೆ. ಸ್ವಂತ ಸ್ಕ್ರಿಪ್ಟಿನ ನಿಜವಾದ ಲಾಭ ಇದು. ಒಂದೇ ಖಾತೆಯೊಳಗೆ ಡೆಸ್ಕ್‌ಟಾಪ್, ಭಾಷೆ, ಕೀಲಿಮಣೆ ಮೂರನ್ನೂ ಒಂದೇ ಗಂಟು ಕಟ್ಟಿ ಕೊಡಬಹುದು.

ಪ್ರತಿ ಕವಲಿನ ಕೊನೆಯ ಸಾಲು ‘ಎಕ್ಸೆಕ್’ ಎಂದು ಶುರುವಾಗಲಿ. ಆಗ ಸ್ಕ್ರಿಪ್ಟ್ ಓಡಿಸುತ್ತಿದ್ದ ಪ್ರಕ್ರಿಯೆ ತಾನು ಮರೆಯಾಗಿ, ಅದೇ ಪ್ರಕ್ರಿಯಾ ಸಂಖ್ಯೆಯಲ್ಲಿ ಡೆಸ್ಕ್‌ಟಾಪ್ ಆಗಿಬಿಡುತ್ತದೆ. ಎಕ್ಸ್ ಎಲ್ಲಿಯವರೆಗೆ ಎದ್ದಿರಬೇಕೆಂದು ತೀರ್ಮಾನವಾಗುವುದು ಆ ಒಂದು ಪ್ರಕ್ರಿಯೆಯ ಮೇಲೆ: ಅದು ಮುಗಿದರೆ ಎಕ್ಸ್ ಕೂಡ ಮಲಗುತ್ತದೆ. ಕೊನೆಗೆ ಆಂಪರ್‌ಸ್ಯಾಂಡ್ ಚಿಹ್ನೆ ಹಾಕಿ ಡೆಸ್ಕ್‌ಟಾಪನ್ನು ಹಿನ್ನೆಲೆಗೆ ತಳ್ಳಿದಿರೋ, ಸ್ಕ್ರಿಪ್ಟ್ ಕ್ಷಣದಲ್ಲಿ ಮುಗಿದು, ಪರದೆ ಮಿಂಚಿ ಮಾಯವಾಗಿ, ಮತ್ತೆ ಕಪ್ಪು. ಹೊಸಬರು ತಲೆ ಕೆಡಿಸಿಕೊಳ್ಳುವುದು ಹೆಚ್ಚಾಗಿ ಇಲ್ಲೇ.

ಇನ್ನೆರಡು ಎಚ್ಚರ. ಲಾಗಿನ್ ಆದೊಡನೆ ‘ಸ್ಟಾರ್ಟ್‌ಎಕ್ಸ್’ ತಾನಾಗಿ ನಡೆಯುವಂತೆ ಮಾಡುವುದಾದರೆ, ಮೊದಲ ಕನ್ಸೋಲಿನಲ್ಲಿ ಮಾತ್ರ ನಡೆಯಲಿ ಎಂಬ ಷರತ್ತು ಇರಲಿ. ಏನಾದರೂ ಕೆಟ್ಟರೆ ಕಂಟ್ರೋಲ್, ಆಲ್ಟ್, ಎಫ್2 ಒತ್ತಿ ಎರಡನೆಯ ಕನ್ಸೋಲಿನಲ್ಲಿ ರಿಪೇರಿಗೆ ಕೂರಬಹುದು. ತಾತ ಪವರ್ ಬಟನ್ ಒತ್ತಿ, ಪಾಸ್‌ವರ್ಡ್ ಹಾಕಿ, ಕಾಫಿಗೆ ಎದ್ದುಹೋದರೆ ಪಟ್ಟಿ ಕಾಯುತ್ತಾ ಕೂರದಿರಲಿ. ಜೆನಿಟಿಗೆ ಇಷ್ಟು ಸೆಕೆಂಡು ಎಂದು ಗಡುವು ಕೊಡಬಹುದು. ಗಡುವು ಮೀರಿದರೆ ಅದು 5 ಎಂಬ ಅಂಕಿ ಹಿಂದಿರುಗಿಸುತ್ತದೆ, ಆ ಅಂಕಿ ಬಂದರೆ ತಾತನ ಡೆಸ್ಕ್‌ಟಾಪೇ ತೆರೆಯಲಿ.

ಪಟ್ಟಿಗೆ ಗ್ನೋಮ್ ಸೇರಿಸಲು ಮಾತ್ರ ಹೋಗಬೇಡಿ. ಅದು ಎಕ್ಸ್ ಬಿಟ್ಟು, ಅದೇ ಕೆಲಸ ಮಾಡುವ ವೇಲ್ಯಾಂಡ್ ಹಾದಿ ಹಿಡಿದಿದೆ. 2025ರ 49ನೇ ಆವೃತ್ತಿಯಲ್ಲಿ ಎಕ್ಸ್ ಮೂಲಕ ಏಳುವ ಬಾಗಿಲನ್ನು ಸಾಮಾನ್ಯವಾಗಿ ಮುಚ್ಚಿಯೇ ಕೊಡುತ್ತಾರೆ. 2 ಜಿಬಿ ರ‍್ಯಾಮಿನ ಲ್ಯಾಪ್‌ಟಾಪಿಗೆ ಅದು ಹೇಗೂ ಭಾರವೇ.