ರೋಣದ ಪಿನ್ ಕೋಡ್ ಮತ್ತು ಅವಿಭಾಜ್ಯತೆಯ ಪರೀಕ್ಷೆ

ಅವಿಭಾಜ್ಯ ಸಂಖ್ಯೆಗಳ ಪಾಠ ಸಾಮಾನ್ಯವಾಗಿ 100ಕ್ಕೇ ನಿಲ್ಲುತ್ತದೆ. 10ರಿಂದ 100ರವರೆಗಿನ ಯಾವುದೇ ಸಂಖ್ಯೆ 2, 3, 5, 7 ಈ ನಾಲ್ಕರಿಂದ ನಿಶ್ಶೇಷವಾಗಿ ಭಾಗವಾಗದಿದ್ದರೆ ಅದು ಅವಿಭಾಜ್ಯ. ಮಕ್ಕಳು ಇದನ್ನೇ ಎಲ್ಲ ಸಂಖ್ಯೆಗಳ ನಿಯಮವೆಂದು ಹಿಡಿದುಕೊಳ್ಳುತ್ತಾರೆ. 221 ಕೊಟ್ಟರೆ ‘ಅವಿಭಾಜ್ಯ’ ಎಂದುಬಿಡುತ್ತಾರೆ. ಅದು 13 × 17. ಈ ತಪ್ಪು ಕಲ್ಪನೆಯನ್ನು ಬಿಡಿಸಲು ದೊಡ್ಡ ಸಂಖ್ಯೆಯೊಂದು ಬೇಕು. ನಮ್ಮ ಸುತ್ತಲಿನ ಊರುಗಳ ಪಿನ್ ಕೋಡ್‌ಗಳಲ್ಲೇ ಅದು ಸಿಗುತ್ತದೆ.

ಗಜೇಂದ್ರಗಡದ ಪಿನ್ ಕೋಡ್ 582114. ಸಮಸಂಖ್ಯೆ, ನೋಡಿದೊಡನೆ ಮುಗಿಯಿತು. ನರಗುಂದದ್ದು 582207. ಅಂಕಿಗಳ ಮೊತ್ತ 24 ಆದ್ದರಿಂದ 3ರಿಂದ ಭಾಗವಾಗುತ್ತದೆ: 3 × 194069. ರೋಣದ 582209 ಮಾತ್ರ ಹಟಮಾರಿ. ಅಂಕಿಗಳ ಮೊತ್ತ 26. 7ರಿಂದ ಭಾಗಿಸಿದರೆ ಶೇಷ 5, 11ರಿಂದ 1, 13ರಿಂದ 4.

ಹೀಗೆ ಎಲ್ಲಿಯವರೆಗೆ ಭಾಗಿಸುತ್ತ ಹೋಗಬೇಕು? ಪಾಠದ ತಿರುಳು ಈ ಪ್ರಶ್ನೆಯಲ್ಲಿದೆ. ಉತ್ತರವನ್ನು ಶಿಕ್ಷಕರು ಮೊದಲೇ ಹೇಳಬಾರದು. ಒಂದು ಸಂಖ್ಯೆಯನ್ನು ಎರಡು ಅಪವರ್ತನಗಳ ಗುಣಲಬ್ಧವಾಗಿ ಬರೆದರೆ, ಎರಡೂ ಅದರ ವರ್ಗಮೂಲಕ್ಕಿಂತ ದೊಡ್ಡವಾಗಿರಲಾರವು. 763 × 763 = 582169; 764 × 764 = 583696. ಆದ್ದರಿಂದ 763ರ ಆಚೆ ಹೋಗಬೇಕಿಲ್ಲ. ಅಲ್ಲಿಯವರೆಗೂ ಅವಿಭಾಜ್ಯಗಳಿಂದ ಭಾಗಿಸಿದರೆ ಸಾಕು: 3ರಿಂದ ಭಾಗವಾಗದ್ದು 15ರಿಂದಲೂ ಭಾಗವಾಗದು. ಅಂಥ ಅವಿಭಾಜ್ಯಗಳು 135, ಕೊನೆಯದು 761.

45 ಮಕ್ಕಳ ತರಗತಿಯಾದರೆ ತಲೆಗೆ ಮೂರು ಭಾಗಾಕಾರ. ಮಾಡಿದ್ದನ್ನು ಪಕ್ಕದವರು ತಾಳೆ ನೋಡಬೇಕು: 761 × 765 + 44 = 582209. ಒಂದೇ ಒಂದು ಭಾಗಾಕಾರ ತಪ್ಪಿದರೂ ತೀರ್ಮಾನ ನಿಲ್ಲುವುದಿಲ್ಲ. 135ರಲ್ಲಿ ಯಾವ ಶೇಷವೂ ಸೊನ್ನೆಯಲ್ಲ; 582209 ಅವಿಭಾಜ್ಯ.

‘ಐವತ್ತರವರೆಗೆ ನೋಡಿದೆವು, ಸಾಕಲ್ಲ ಸರ್’ ಎನ್ನುವವರಿಗೆ 579121 ಕೊಡಿ. 757ರವರೆಗಿನ 134 ಅವಿಭಾಜ್ಯಗಳಲ್ಲಿ ಯಾವುದರಿಂದಲೂ ಅದು ಭಾಗವಾಗದು. 135ನೆಯದಕ್ಕೆ ಸಿಕ್ಕಿಬೀಳುತ್ತದೆ: 761 × 761.

ಬೇಗ ಮುಗಿಸಿದ ಮಕ್ಕಳಿಗೆ ಇನ್ನೊಂದು ಕೆಲಸವಿದೆ. 4ರಿಂದ ಭಾಗಿಸಿದಾಗ ಶೇಷ 1 ಬರುವ ಪ್ರತಿ ಅವಿಭಾಜ್ಯವನ್ನೂ ಎರಡು ವರ್ಗಗಳ ಮೊತ್ತವಾಗಿ ಬರೆಯಬಹುದು, ಅದೂ ಒಂದೇ ರೀತಿಯಲ್ಲಿ. ಫರ್ಮಾ ಹೇಳಿದ್ದು, ಆಯ್ಲರ್ ಸಾಧಿಸಿದ್ದು. ರೋಣದ ಸಂಖ್ಯೆಗೆ ಆ ಜೋಡಿ ಯಾವುದು? ಮೊತ್ತದ ಬಿಡಿಸ್ಥಾನದಲ್ಲಿ 9 ಬರಬೇಕಾದರೆ ಜೋಡಿಯಲ್ಲಿ ಒಂದು ಸಂಖ್ಯೆ 5ರ ಅಪವರ್ತ್ಯವಾಗಿರಲೇಬೇಕು. ಇಷ್ಟು ಸುಳಿವು ಸಾಕು. ಉತ್ತರ: 505² + 572².

ನೂರಾರು ಅಂಕಿಗಳ ಸಂಖ್ಯೆಗೆ ಈ ಭಾಗಾಕಾರದ ದಾರಿ ಕಂಪ್ಯೂಟರಿಗೂ ನಿಲುಕದು. ಅಂಥವನ್ನು ಭಾಗಿಸದೆಯೇ ಪರೀಕ್ಷಿಸುವ ವಿಧಾನಗಳಿವೆ. ಅವುಗಳಲ್ಲೊಂದನ್ನು 2002ರಲ್ಲಿ ಕಾನ್ಪುರದ ಐಐಟಿಯ ಮಣೀಂದ್ರ ಅಗ್ರವಾಲ್, ನೀರಜ್ ಕಯಾಲ್, ನಿತಿನ್ ಸಕ್ಸೇನಾ ಕಂಡುಹಿಡಿದರು.

ಪಾಠಯೋಜನೆ ಬರೆಯುವವರು ಇದಕ್ಕೆ ಎರಡು ಅವಧಿ ಇಟ್ಟುಕೊಳ್ಳಿ. ಎರಟೋಸ್ತನೀಸನ ಜರಡಿಯಿಂದ 763ರವರೆಗಿನ ಪಟ್ಟಿಯನ್ನು ಮಕ್ಕಳೇ ಹಿಂದಿನ ದಿನ ತಯಾರಿಸಿರಲಿ.